ಮಗಳಿಗೊಂದು ಪತ್ರ: ಉಪ್ಪು ಅನ್ನೋ ಪದ ಮರೆತುಹೋದಾಗ

ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಅಜ್ಜಿಗೂ ತೋರಿಸಿದೆ. ಬ್ರಸೆಲ್ಸ್ ಸೆಂಟ್ರಲ್ ಸ್ಟೇಷನ್ ಹತ್ತಿರದ ಆ ದೊಡ್ಡ ಅಣಬೆ, ಅದರ ಮೇಲೆ ಬಿಳಿ ಟೋಪಿ ಹಾಕಿದ ನೀಲಿ ಕಾರ್ಟೂನ್ ಪುಟಾಣಿ ಸ್ಮರ್ಫ್, ಕೆಳಗೆ ಮಫ್ಲರ್ ಸುತ್ತಿಕೊಂಡು ನಿಂತ ನೀನು. "ಇಷ್ಟು ಚಳಿಯಲ್ಲಿ ತಲೆಗೆ ಏನೂ ಹಾಕಿಲ್ಲ ನೋಡು, ಆ ಗೊಂಬೆಯೇ ವಾಸಿ" ಅಂದರು ಅಜ್ಜಿ. ಮುಂದಿನ ಸಲ ಟೋಪಿ ಹಾಕಿಕೊಂಡು ಹೋಗಮ್ಮಾ.

ಫೋಟೋ ಕೆಳಗೆ ನೀನು ಬರೆದಿದ್ದ ಮಾತು ಮಾತ್ರ ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. "ಅಮ್ಮಾ, ಸ್ಮರ್ಫ್ ಅಂದರೆ ಕಮ್ಯುನಿಸ್ಟ್ ಪ್ರಚಾರ ಅಂತ ಒಬ್ಬ ಹೇಳ್ತಾನೆ. ಅದರಲ್ಲಿ ಜನಾಂಗದ್ವೇಷ ಇದೆ ಅಂತ ಇನ್ನೊಬ್ಬಳು. ಚಿಕ್ಕವಳಿದ್ದಾಗ ಅಷ್ಟು ಇಷ್ಟಪಟ್ಟಿದ್ದೆ. ಈಗ ಇಷ್ಟ ಅನ್ನೋಕೇ ಮುಜುಗರ" ಅಂತ ಬರೆದಿದ್ದೆ. ಇದನ್ನು ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ, 2011ರಲ್ಲಿ, ಸ್ಮರ್ಫ್ ಸಿನಿಮಾ ನೋಡಿ ಬಂದು ತಿಂಗಳುಗಟ್ಟಲೆ ಪ್ರಶ್ನೆ ಕೇಳಿದೆಯಲ್ಲ, ಅವಕ್ಕೆ ಉತ್ತರ ಹುಡುಕುತ್ತಾ ನಾನೂ ಇದರ ಬಗ್ಗೆ ಓದುತ್ತಾ ಹೋದೆ. ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ಮೊದಲು ಉಪ್ಪಿನ ಕಥೆ.

1950ರ ದಶಕದ ಕೊನೆ. ಬೆಲ್ಜಿಯಂನ ಕಡಲತೀರಕ್ಕೆ ಇಬ್ಬರು ಚಿತ್ರಕಾರ ಗೆಳೆಯರು ರಜೆಗೆ ಹೋಗಿದ್ದರು. ಒಬ್ಬರು ಪಿಯೆರ್ ಕುಲಿಫೋರ್ಡ್, ಇನ್ನೊಬ್ಬರು ಆಂದ್ರೆ ಫ್ರಾಂಕ್ಯಾಂ. ಊಟಕ್ಕೆ ಕೂತಾಗ ಪಿಯೆರ್‌ಗೆ ಉಪ್ಪು ಬೇಕಾಯಿತು. ಆ ಗಳಿಗೆಗೆ ಉಪ್ಪು ಅನ್ನೋ ಪದವೇ ನಾಲಿಗೆಗೆ ಬರಲಿಲ್ಲ. "ಆ... ಶ್ಟ್ರುಂಫ್ ಕೊಡು ಸ್ವಲ್ಪ" ಅಂದುಬಿಟ್ಟರು. ಫ್ರಾಂಕ್ಯಾಂ ಉಪ್ಪಿನ ಡಬ್ಬಿ ಎತ್ತಿ ಕೊಟ್ಟು, "ತಗೋ ನಿನ್ನ ಶ್ಟ್ರುಂಫ್, ಶ್ಟ್ರುಂಫಿಸಿ ಆದ ಮೇಲೆ ವಾಪಸ್ ಶ್ಟ್ರುಂಫಿಸು" ಅಂದರಂತೆ. ಅಲ್ಲಿಂದ ರಜೆ ಮುಗಿಯುವ ತನಕ ಇಬ್ಬರದೂ ಅದೇ ಮಾತು.

ಈ ಪಿಯೆರ್ ಕುಲಿಫೋರ್ಡೇ ಪೇಯೊ, ಸ್ಮರ್ಫ್ ಕಥೆಗಳನ್ನು ಹುಟ್ಟಿಸಿದವರು. ಹುಟ್ಟಿದ್ದು 1928ರಲ್ಲಿ, ಬ್ರಸೆಲ್ಸ್‌ನ ಸ್ಕಾರ್‌ಬೇಕ್‌ನಲ್ಲಿ. ಪೇಯೊ ಅನ್ನೋ ಹೆಸರೂ ಹೀಗೇ ಬಂದದ್ದು. ಇಂಗ್ಲಿಷ್ ಮಾತಾಡುವ ಒಬ್ಬ ಪುಟ್ಟ ನೆಂಟನಿಗೆ 'ಪಿಯೆರೋ' ಅನ್ನಲು ನಾಲಿಗೆ ತಿರುಗದೆ 'ಪೇಯೊ' ಆಯಿತು. ಅದನ್ನೇ ಇವರು ಜೀವನಪೂರ್ತಿ ಇಟ್ಟುಕೊಂಡರು. ತಪ್ಪಿ ಬಂದ ಮಾತನ್ನು ಎತ್ತಿ ಜೋಪಾನ ಮಾಡುವ ಮನುಷ್ಯ. ನನಗೆ ಅವರು ಇಷ್ಟವಾಗುವುದು ಅದಕ್ಕೇ.

ಶ್ಟ್ರುಂಫ್ ಭಾಷೆ ಓದಿದಾಗೆಲ್ಲ ನಮ್ಮ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ ಪುಟ್ಟಿ. ನಿನಗಾಗ ಐದು ವರ್ಷ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಚಟಪಟ ಅನ್ನುತ್ತಿದೆ. ಅಜ್ಜಿಯ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕರಿಬೇವು. "ಏ ಪುಟ್ಟಿ, ಆ ಇದರ ಪಕ್ಕ ಇದು ಇದೆಯಲ್ಲ, ಅದನ್ನ ಸ್ವಲ್ಪ ಇದು ಮಾಡು, ಬೇಗ" ಅಂದರು. ನಾನು ಬಾಗಿಲಲ್ಲಿ ನಿಂತು ಏನಿರಬಹುದು ಅಂತ ಯೋಚಿಸುತ್ತಿದ್ದೆ. ನೀನು ಸೀದಾ ಹೋಗಿ ಮಿಕ್ಸಿ ಪಕ್ಕದ ಹಳದಿ ಡಬ್ಬಿ ತಂದು, ಮುಚ್ಚಳ ತೆಗೆದು ಅಜ್ಜಿಯ ಕೈಗೆ ಹಿಡಿದೆ. ಇಂಗು! 'ಇದು' ಅನ್ನೋ ಒಂದೇ ಪದ ಮೂರು ಸಲ, ಮೂರೂ ಬೇರೆ ಅರ್ಥ. ನಿನಗೆ ಒಂದೂ ತಪ್ಪಲಿಲ್ಲ. ಸಾಸಿವೆ ಸಿಡಿಯುತ್ತಿತ್ತು, ಅಜ್ಜಿಯ ಕಣ್ಣು ಆ ಕಡೆ ಹೋಯಿತು, ಸಾಕಾಯಿತು ನಿನಗೆ. ಇಟಲಿಯ ದೊಡ್ಡ ವಿದ್ವಾಂಸ ಉಂಬರ್ಟೊ ಎಕೊ 1979ರಲ್ಲಿ ಸ್ಮರ್ಫ್ ಭಾಷೆಯ ಮೇಲೆಯೇ ಒಂದು ಪ್ರಬಂಧ ಬರೆದರು. ಎಲ್ಲ ಜಾಗಕ್ಕೂ ಒಂದೇ ಪದ ಹಾಕಿದರೂ ಸುತ್ತಲಿನ ಸಂದರ್ಭದಿಂದ ನಮಗೆ ಅರ್ಥ ಹೇಗೆ ಸಿಗುತ್ತದೆ ಅನ್ನೋದು ಅವರ ಕುತೂಹಲ. ಅಜ್ಜಿಗೂ ನಿನಗೂ ಅದು ದಿನನಿತ್ಯದ ಮಾತು.

ಆ ಪದಕ್ಕೆ ಮೈ ಬಂದದ್ದು 1958ರ ಅಕ್ಟೋಬರ್ 23ರಂದು, 'ಸ್ಪಿರೂ' ಅನ್ನೋ ಚಿತ್ರಕಥೆಗಳ ವಾರಪತ್ರಿಕೆಯಲ್ಲಿ. ಪೇಯೊ ಆಗ ಯೋಹಾನ್ ಮತ್ತು ಪಿರ್ಲೂಯಿ ಅನ್ನೋ ಇಬ್ಬರ ಕಥೆ ಬರೆಯುತ್ತಿದ್ದರು. ರಾಜರ ಕಾಲದ ಕಥೆಗಳು. ಕೇಳಿದವರೆಲ್ಲ ಕುಣಿಯಲೇಬೇಕಾದ ಒಂದು ಮಾಯದ ಕೊಳಲು, ಅದು ಕಳ್ಳನ ಪಾಲಾಗುತ್ತದೆ. ಆ ಕೊಳಲು ಮಾಡಿದ್ದು ಯಾರು ಅಂತ ಹುಡುಕಿಕೊಂಡು ಹೋದಾಗ ಶ್ಟ್ರುಂಫ್ ಅನ್ನೋ ಈ ನೀಲಿ ಪುಟಾಣಿಗಳು ಸಿಗುತ್ತಾರೆ. ಸುಮ್ನೆ ಬಂದು ಹೋಗುವ ಪಾತ್ರಗಳು ಅಂತಲೇ ಶುರುವಾದದ್ದು. ಓದುಗರು ಬಿಡಲಿಲ್ಲ. ಡಚ್ ಭಾಷೆಗೆ ತರುವಾಗ ಹೆಸರು 'ಸ್ಮರ್ಫ್' ಆಯಿತು, ಇಂಗ್ಲಿಷ್‌ಗೆ ಹೋದದ್ದೂ ಅದೇ.

ಇಲ್ಲಿ ಒಂದು ಮಾತು. ನಿನ್ನ ಗೆಳೆಯ ಹೇಳಿದನಲ್ಲ, ಸ್ಮರ್ಫ್ ಅಂದರೆ ಇಂಗ್ಲಿಷ್‌ನಲ್ಲಿ 'ಕೆಂಪು ಅಪ್ಪನ ಕೆಳಗಿನ ಸಮಾಜವಾದಿಗಳು' ಅನ್ನೋದರ ಮೊದಲಕ್ಷರಗಳು ಅಂತ. ಅದನ್ನು ಧೈರ್ಯವಾಗಿ ತಳ್ಳಿಹಾಕು. ಮೂಲದ ಹೆಸರು ಶ್ಟ್ರುಂಫ್. ಅದರಲ್ಲಿ ಆ ಅಕ್ಷರಗಳು ಆ ಸಾಲಿನಲ್ಲೂ ಇಲ್ಲ, ಆ ಅರ್ಥವೂ ಇಲ್ಲ.

ಬಣ್ಣದ ಹಿಂದೆಯೂ ರಾಜಕೀಯ ಏನಿಲ್ಲ. ಆ ನೀಲಿ ಆರಿಸಿದ್ದು ಪೇಯೊ ಹೆಂಡತಿ ನೀನ್. ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದವರು ಅವರೇ. ಹಸಿರು ಬಳಿದರೆ ಎಲೆಗಳ ನಡುವೆ ಕಾಣಿಸುವುದಿಲ್ಲ, ಕೆಂಪು ತೀರಾ ಕಣ್ಣಿಗೆ ಹೊಡೆಯುತ್ತದೆ, ಗುಲಾಬಿ ಮನುಷ್ಯರ ಮೈಬಣ್ಣದ ಹಾಗೆ ಆಗುತ್ತದೆ. ನೀಲಿ ಉಳಿಯಿತು. ಜಗತ್ತಿನ ಮಕ್ಕಳೆಲ್ಲ ಗುರುತಿಸುವ ಬಣ್ಣ ಕೊಟ್ಟ ಹೆಂಗಸಿನ ಹೆಸರು ಎಷ್ಟು ಜನಕ್ಕೆ ಗೊತ್ತಿದೆ ಹೇಳು.

ಹಾಗಂತ ಕಥೆಗಳಲ್ಲಿ ರಾಜಕೀಯವೇ ಇಲ್ಲ ಅಂದುಕೊಳ್ಳಬೇಡ. ಇದೆ, ಚೆನ್ನಾಗೇ ಇದೆ. ನೀನು ಲ್ಯೂವೆನ್‌ನಲ್ಲಿ ಓದುತ್ತಿದ್ದೀಯ. ನಿನ್ನ ಯೂನಿವರ್ಸಿಟಿ 1425ರದ್ದು, ಅದು ಎರಡು ಹೋಳಾದ ಕಥೆ ಅಲ್ಲಿ ಯಾರಾದರೂ ಹೇಳಿರಬೇಕು. 1968ರಲ್ಲಿ ಡಚ್ ಮಾತಾಡುವ ವಿದ್ಯಾರ್ಥಿಗಳು "ವಾಲೋನಿಯದವರೇ ಹೊರಡಿ" ಅಂತ, ಅಂದರೆ ಫ್ರೆಂಚ್ ಮಾತಾಡುವವರು ಇಲ್ಲಿಂದ ಹೋಗಲಿ ಅಂತ, ಬೀದಿಗಿಳಿದರು. ದೇಶದ ಸರ್ಕಾರವೇ ಬಿತ್ತು. ಫ್ರೆಂಚ್ ವಿಭಾಗಕ್ಕಾಗಿ ಸುಮಾರು 25 ಕಿಲೋಮೀಟರ್ ಆಚೆ ಲೂವ್ಯಾಂ-ಲಾ-ನ್ಯೂವ್ ಅನ್ನೋ ಹೊಸ ಊರನ್ನೇ ಕಟ್ಟಿದರು. ಲೈಬ್ರರಿಯ ಪುಸ್ತಕಗಳನ್ನು ಹಂಚಿಕೊಂಡ ರೀತಿ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೆಸಸಂಖ್ಯೆಯ ಪುಸ್ತಕಗಳು ಒಬ್ಬರಿಗೆ, ಸಮಸಂಖ್ಯೆಯವು ಇನ್ನೊಬ್ಬರಿಗೆ. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರು ಜೋಡಿ ದೀಪದ ಕಂಬ ತಲಾ ಒಂದೊಂದು ತಗೊಂಡ ಹಾಗೆ.

ಹೊಸ ಊರಿಗೆ ಮೊದಲ ವಿದ್ಯಾರ್ಥಿಗಳು ಬಂದದ್ದು 1972ರಲ್ಲಿ. ಅದೇ ವರ್ಷ ಪೇಯೊ ಮತ್ತು ಅವರ ಗೆಳೆಯ ಇವಾನ್ ದೆಲ್‌ಪೋರ್ಟ್ ಸ್ಮರ್ಫ್‌ಗಳಿಗೂ ಭಾಷೆಯ ಜಗಳ ತಂದರು. ಹಳ್ಳಿಯ ಉತ್ತರದವರದು ಒಂದು ನುಡಿ, ದಕ್ಷಿಣದವರದು ಇನ್ನೊಂದು. ಬಾಟಲಿಯ ಬಿರಡೆ ಕೀಳುವ ತಿರುಪು ಇದೆಯಲ್ಲ, ಫ್ರೆಂಚಿನಲ್ಲಿ ಅದರ ಹೆಸರಿನಲ್ಲಿ 'ಕೀಳು' ಮತ್ತು 'ಬಿರಡೆ' ಅಂತ ಎರಡು ಭಾಗ. ಒಂದು ಕಡೆಯವರು ಮೊದಲ ಭಾಗ ತೆಗೆದು ಸ್ಮರ್ಫ್ ಅನ್ನುತ್ತಾರೆ, ಇನ್ನೊಂದು ಕಡೆಯವರು ಎರಡನೆಯದಕ್ಕೆ ಹಾಕುತ್ತಾರೆ. ನಾನು ಹೇಳಿದ್ದೇ ಸರಿ ಅಂತ ಹೊಡೆದಾಟ. ಹಳ್ಳಿಯ ಮಧ್ಯೆ ಗೆರೆ ಎಳೆಯುತ್ತಾರೆ. ನಿಮ್ಮಪ್ಪ ಧಾರವಾಡದವರು, ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ 'ಉಳ್ಳಾಗಡ್ಡಿ'ಗೂ 'ಈರುಳ್ಳಿ'ಗೂ ನಮ್ಮಿಬ್ಬರ ನಡುವೆ ನಡೆದ ವಾದ ನಿನಗೆ ಗೊತ್ತೇ ಇದೆ. ಈ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ನಿಮ್ಮಪ್ಪ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಖರೇ ಐತಿ" ಅಂದರು.

ಇನ್ನೊಂದು ಕಥೆ ಅದಕ್ಕಿಂತ ಹಳೆಯದು, 1964-65ರದ್ದು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಹಳ್ಳಿಯ ಹಿರಿಯ ಪಾಪಾ ಸ್ಮರ್ಫ್ ಊರಿನಲ್ಲಿಲ್ಲ. ನಾಯಕ ಯಾರು ಅಂತ ಮತ ಹಾಕಲು ಹೋದರೆ ಪ್ರತಿಯೊಬ್ಬನೂ ತನಗೇ ಹಾಕಿಕೊಳ್ಳುತ್ತಾನೆ. ಆಗ ಒಬ್ಬ ಸ್ಮರ್ಫ್ ಮನೆಮನೆಗೆ ಹೋಗಿ, ಯಾರಿಗೆ ಏನು ಬೇಕೋ ಅದನ್ನೇ ಕೊಡುತ್ತೇನೆ ಅನ್ನುತ್ತಾನೆ. ಗೆದ್ದ ಮೇಲೆ ಚಿನ್ನದ ಬಣ್ಣದ ಬಟ್ಟೆ, ಅರಮನೆ, ಸೈನಿಕರು. ತಮಾಷೆ ಮಾಡಿದವನಿಗೆ ಜೈಲು. ಕೆಲವರು ಕಾಡಿಗೆ ಓಡಿ ದಂಗೆ ಏಳುತ್ತಾರೆ. ಕೊನೆಗೆ ಪಾಪಾ ಸ್ಮರ್ಫ್ ವಾಪಸ್ ಬಂದು, ಪಾಳುಬಿದ್ದ ಹಳ್ಳಿ ನೋಡಿ ಬೈಯುತ್ತಾರೆ. ನೀವು ಮನುಷ್ಯರ ಹಾಗೆ ನಡೆದುಕೊಂಡಿದ್ದೀರಿ ಅಂತ. ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದಾಗ ಪೇಯೊಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಅಂಥವರು ಬರೆದ ಕಥೆ ಇದು. 2011ರಲ್ಲಿ ಫ್ರಾನ್ಸಿನ ಆಂತ್ವಾನ್ ಬ್ಯೂಯೆನೊ ಅನ್ನುವವರು ಒಂದು ಪುಸ್ತಕ ಬರೆದು, ಸ್ಮರ್ಫ್ ಸಮಾಜ ಸರ್ವಾಧಿಕಾರದ ಮಾದರಿ, ಅದರಲ್ಲಿ ಸ್ಟಾಲಿನ್ ಕಾಲದ್ದೂ ನಾಜಿಗಳದ್ದೂ ಛಾಯೆ ಇದೆ ಅಂದರು. ಸರ್ವಾಧಿಕಾರಿ ಹೇಗೆ ಹುಟ್ಟುತ್ತಾನೆ ಅಂತ ಮಕ್ಕಳಿಗೆ ಇಷ್ಟು ಸ್ಪಷ್ಟವಾಗಿ ತೋರಿಸಿದ ಕಥೆಗಾರನ ಮೇಲೆ ಆ ಮಾತು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಹಳ್ಳಿಯಲ್ಲಿ ದುಡ್ಡಿಲ್ಲ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ, ಮುದುಕನ ಟೋಪಿ ಕೆಂಪು. ನಿಜ. ಒಂದೇ ಮನೆಯಲ್ಲಿ ಹತ್ತಾರು ಜನ ಇದ್ದ ಕಾಲದಲ್ಲಿ ನಮ್ಮ ತಾತನ ಮನೆಯೂ ಹಾಗೇ ಇತ್ತು.

ಆದರೆ ಪುಟ್ಟಿ, ನಿನ್ನ ಇನ್ನೊಬ್ಬ ಗೆಳತಿಯ ಮಾತನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. 1959ರ ಒಂದು ಪುಟ್ಟ ಕಥೆಯಲ್ಲಿ ಒಂದು ನೊಣ ಕಚ್ಚಿ ಸ್ಮರ್ಫ್ ಕಪ್ಪಾಗುತ್ತಾನೆ. ಮಾತು ಮರೆತು "ಗ್ನಾಪ್" ಅನ್ನುತ್ತಾ ಉಳಿದವರ ಬಾಲ ಕಚ್ಚುತ್ತಾನೆ. ರೋಗ ಹರಡುತ್ತದೆ. ಪೇಯೊ ಇದನ್ನು ಯಾರ ಮೈಬಣ್ಣ ನೋಡಿಯೂ ಬರೆದದ್ದಲ್ಲ ಅಂತ ನನ್ನ ನಂಬಿಕೆ. ಆದರೂ ಕಪ್ಪು ಅನ್ನೋ ಪದ ಮಗುವಿನ ಮೇಲೆ ಹೇಗೆ ಬೀಳುತ್ತದೆ ಅಂತ ನಮ್ಮಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅಮೆರಿಕದಲ್ಲಿ 1981ರಲ್ಲಿ ಹ್ಯಾನಾ-ಬಾರ್ಬೆರಾ ಕಂಪನಿಯ ಟಿವಿ ಕಾರ್ಟೂನ್ ಶುರುವಾದಾಗ ಆ ಬಣ್ಣವನ್ನು ನೇರಳೆ ಮಾಡಿದರು. 2010ರಲ್ಲಿ ಇಂಗ್ಲಿಷ್ ಪುಸ್ತಕ ಬಂದಾಗಲೂ ನೇರಳೆಯೇ. ಸರಿಯಾಗಿ ಮಾಡಿದರು. ಕಥೆಗೆ ಅದರಿಂದ ಕೂದಲಷ್ಟೂ ಕುಂದಾಗಲಿಲ್ಲ.

ಇನ್ನು ಸ್ಮರ್ಫೆಟ್. ಇದನ್ನು ಬರೆಯಲು ನನಗೆ ಕಷ್ಟ.

1966ರಲ್ಲಿ ಅವಳು ಬಂದಳು. ಹುಟ್ಟಿಸಿದ್ದು ದುಷ್ಟ ಮಂತ್ರವಾದಿ ಗಾರ್ಗಮೆಲ್, ಹಳ್ಳಿಯಲ್ಲಿ ಜಗಳ ಹಚ್ಚಲು. ಅವನ ಪಾಕದಲ್ಲಿ ಮೊಸಳೆ ಕಣ್ಣೀರು, ಹಕ್ಕಿಯ ಮಿದುಳು, ಹಾವಿನ ನಾಲಿಗೆ. ಮೊದಲು ಅವಳ ಕೂದಲು ಕಪ್ಪು, ಆಗ ಯಾರಿಗೂ ಬೇಡ. ಪಾಪಾ ಸ್ಮರ್ಫ್ ಮಾಯ ಮಾಡಿ ಹೊಂಬಣ್ಣದ ಕೂದಲು ಕೊಟ್ಟ ಮೇಲೆ ಎಲ್ಲರಿಗೂ ಬೇಕು. ಕೊನೆಗೆ ತನ್ನಿಂದಲೇ ಇಷ್ಟೆಲ್ಲ ಅಂತ ಅವಳೇ ಹಳ್ಳಿ ಬಿಟ್ಟು ಹೋಗುತ್ತಾಳೆ. ಉಳಿದ ಸ್ಮರ್ಫ್‌ಗಳಿಗೆ ಜಾಣ, ಸೋಮಾರಿ, ಗೊಣಗುವವ ಅಂತ ಒಂದೊಂದು ಗುಣ. ಇವಳ ಗುಣ ಒಂದೇ, ಹೆಣ್ಣು. 1991ರಲ್ಲಿ ಅಮೆರಿಕದ ಲೇಖಕಿ ಕಾಥಾ ಪಾಲಿಟ್ ಇದಕ್ಕೆ 'ಸ್ಮರ್ಫೆಟ್ ಸೂತ್ರ' ಅಂತಲೇ ಹೆಸರಿಟ್ಟರು. ಗುಂಪು ತುಂಬ ಗಂಡುಮಕ್ಕಳು, ನಡುವೆ ಒಬ್ಬಳು ಹುಡುಗಿ. ಮಕ್ಕಳ ಕಾರ್ಯಕ್ರಮಗಳಲ್ಲಿ ಎಲ್ಲಿ ನೋಡಿದರೂ ಇದೇ ಅಂದರು. ಅವರ ಮನೆಯಲ್ಲೂ ಆಗ ಒಬ್ಬಳು ಪುಟ್ಟ ಮಗಳಿದ್ದಳು.

ನಮ್ಮ ಮನೆಯ ಪುಟ್ಟ ಮಗಳು ಇದನ್ನು ಎಂಟನೇ ವಯಸ್ಸಿನಲ್ಲೇ ಕೇಳಿದ್ದಳು. ಥಿಯೇಟರಿಂದ ಆಟೋದಲ್ಲಿ ಬರುವಾಗ, ಕೈಯಲ್ಲಿ ಅರ್ಧ ತಿಂದ ಪಾಪ್‌ಕಾರ್ನ್ ಹಿಡಿದು. "ಅಮ್ಮಾ, ಹುಡುಗಿ ಒಬ್ಬಳೇ ಯಾಕೆ? ಅವಳಿಗೆ ಫ್ರೆಂಡ್ಸ್ ಬೇಡ್ವಾ?" ಅಂದೆ. "ಅದು ಹಾಗೇ ಪುಟ್ಟಿ, ಸುಮ್ನೆ ನೋಡಿ ಖುಷಿಪಡು" ಅಂದೆ ನಾನು. ನೀನು ಮತ್ತೆ ಕೇಳಲಿಲ್ಲ. ಪಾಲಿಟ್ ಅವರ ಬರಹದ ಬಗ್ಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಅವತ್ತು ರಾತ್ರಿ ನೀನು ಮಲಗಿದ್ದೆ, ಪಕ್ಕದಲ್ಲಿ ಕೂತು ತುಂಬ ಹೊತ್ತು ನಿನ್ನನ್ನೇ ನೋಡಿದೆ. ನಿನ್ನ ಪ್ರಶ್ನೆಯೇ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ಇಷ್ಟು ವರ್ಷ ಆದ ಮೇಲೆ ಹೇಳುತ್ತಿದ್ದೇನೆ, ಕ್ಷಮಿಸು. 2017ರ ಸಿನಿಮಾದಲ್ಲಿ ಅವಳಿಗೆ ಒಂದಿಡೀ ಹಳ್ಳಿ ತುಂಬ ಹುಡುಗಿಯರು ಸಿಕ್ಕರಲ್ಲ, ಆಗ ನನಗೆ ಮೊದಲು ನೆನಪಾದದ್ದು ಆ ಆಟೋ.

ನಿನ್ನ ಮುಜುಗರಕ್ಕೆ ನನ್ನ ಹತ್ತಿರ ಇರೋದು ಇಷ್ಟೇ. ಪೇಯೊ ಬೇಕು ಅಂತಲೇ ಇಟ್ಟ ಅರ್ಥ ಬೇರೆ, ಓದಿದವರು ತಮ್ಮ ಜೇಬಿನಿಂದ ತೆಗೆದು ಹಾಕಿದ ಅರ್ಥ ಬೇರೆ, ತನಗೇ ಗೊತ್ತಿಲ್ಲದೆ ಕೈ ಜಾರಿ ಬಿದ್ದದ್ದು ಇನ್ನೂ ಬೇರೆ. ಅವನ್ನು ಬಿಡಿಸಿ ನೋಡುವ ಕಣ್ಣು ನಿನಗೆ ಎಂಟಕ್ಕೇ ಇತ್ತು. ಆಗ ಸ್ಮರ್ಫ್‌ಗಳನ್ನು ಇಷ್ಟಪಟ್ಟವಳೂ ನೀನೇ, ಆ ಪ್ರಶ್ನೆ ಕೇಳಿದವಳೂ ನೀನೇ. ಎರಡೂ ಒಂದೇ ಆಟೋದಲ್ಲಿ ಕೂತಿದ್ದವು.

ಒಂದು ಕೆಲಸ ಮಾಡುತ್ತೀಯಾ? ಅಲ್ಲಿಯ ಲೈಬ್ರರಿಯಲ್ಲೋ ಹಳೇ ಪುಸ್ತಕದ ಅಂಗಡಿಯಲ್ಲೋ ಆ ಭಾಷೆಯ ಜಗಳದ ಕಥೆಯ ಡಚ್ ಪುಸ್ತಕ ಸಿಕ್ಕರೆ ನೋಡು. ಬಿರಡೆ ಕೀಳುವ ಆ ತಿರುಪನ್ನು ಡಚ್ಚಿನಲ್ಲಿ ಹೇಗೆ ಒಡೆದಿದ್ದಾರೆ ಅಂತ ನಿಮ್ಮಪ್ಪನಿಗೆ ತಿಳಿಯಬೇಕಂತೆ. ಪುಟದ ಫೋಟೋ ಕಳಿಸು.

ನಿನಗೆ ಪಾರ್ಸೆಲ್ ಕಟ್ಟುತ್ತಿದ್ದೇವೆ. ಸಾರಿನ ಪುಡಿ, ಹುಳಿಪುಡಿ, ಚಕ್ಕುಲಿ ಹಾಕಿ ಆಯಿತು. ಈಗಷ್ಟೇ ಅಜ್ಜಿ ಅಡುಗೆಮನೆಯಿಂದ ಕೂಗಿದರು. "ಲೇ, ಅವಳಿಗೆ ಆ ಇದು ಹಾಕಿದ್ಯಾ?"

ಹಳದಿ ಡಬ್ಬಿ ಮರೆತಿದ್ದೆ. ಹಾಕುತ್ತೇನೆ.

ಪ್ರೀತಿಯಿಂದ,
ಅಮ್ಮ