ಕಾದಂಬರಿ ಕಿವಿಗೆ ಇಳಿಯುವಾಗ

ಮಾನ್ಯರೆ,

ವೈಜ್ಞಾನಿಕ ಕಾದಂಬರಿಯನ್ನು ಶ್ರವ್ಯನಾಟಕವಾಗಿಸಲು ಹೊರಟವರು, 1938ರ ಅಕ್ಟೋಬರ್ 30ರಂದು ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಪ್ರಸಾರವಾದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ನಾಟಕವನ್ನು ಗಮನವಿಟ್ಟು ಕೇಳಬೇಕು. ಅದಕ್ಕೆ ಆಧಾರವಾದ, ಎಚ್.ಜಿ. ವೆಲ್ಸ್ ಅವರ 1898ರ ಕಾದಂಬರಿಯಲ್ಲಿ ಮಂಗಳ ಗ್ರಹದ ಜೀವಿಗಳು ದಾಳಿಗೆ ಇಳಿಯುವುದು ಇಂಗ್ಲೆಂಡಿನಲ್ಲಿ. ನಾಟಕ ಮಾಡಿದ ನಟ-ನಿರ್ದೇಶಕ ಆರ್ಸನ್ ವೆಲ್ಸ್ ಅವರ ತಂಡವಾದರೋ ಆ ದಾಳಿಯನ್ನು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಊರಿಗೆ ತಂದು, ನೃತ್ಯಸಂಗೀತದ ನಡುವೆ ತೂರಿಬರುವ ತುರ್ತು ವಾರ್ತೆಗಳಾಗಿ ಕೇಳಿಸಿತು. ಸ್ಥಳದಿಂದ ಮಾತನಾಡುತ್ತಿದ್ದ ವರದಿಗಾರನ ದನಿ ಥಟ್ಟನೆ ಕಡಿದುಹೋಗಿ ಮೌನ ಆವರಿಸುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪುಟಗಟ್ಟಲೆ ವರ್ಣನೆ ಮಾಡಬೇಕಾದ ಕೆಲಸವನ್ನು ಅಲ್ಲಿ ಕೆಲವೇ ಕ್ಷಣಗಳ ನಿಶ್ಶಬ್ದ ಮಾಡಿಬಿಡುತ್ತದೆ. ಕೊನೆಯ ಭಾಗ ಮತ್ತೆ ನಿರೂಪಣೆಗೆ ಹೊರಳುವುದರಿಂದ ಅಷ್ಟು ಬಿಗಿಯಾಗಿಲ್ಲ. ಕನ್ನಡದಲ್ಲಿ ಇಂಥ ರೂಪಾಂತರ ಮಾಡುವವರು, ‘ಅಗೋ, ಯಂತ್ರ ಬರುತ್ತಿದೆ’ ಎಂದು ಪಾತ್ರಗಳಿಂದ ಹೇಳಿಸುವ ಬದಲು ಆ ಯಂತ್ರದ ಸದ್ದನ್ನೇ ನಮಗೆ ಕೇಳಿಸಲಿ.

– ರೇಡಿಯೊ ನಾಟಕಗಳ ಕೇಳುಗ