ಹಳ್ಳಕ್ಕೆ ಪಲ್ಪರ್ ನೀರು: ದೂರು ಕೊಡುವುದು ಹೇಗೆ?

ಮಾನ್ಯರೇ,

ಕಾಫಿ ಕೊಯ್ಲು ಶುರುವಾದರೆ ಮೂಡಿಗೆರೆ, ಸಕಲೇಶಪುರದ ಕಡೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಿಡುವ ಕೊಳೆನೀರು ಸೇರಿ ಕೆಲವು ಹಳ್ಳಗಳು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೆಯುತ್ತವೆ. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಹುದುಗುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. ಮೀನು ಸಾಯುವುದು ಅದಕ್ಕೇ. ಕೆಳಗಿನ ಲೈನ್‌ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಜನರು ಪಾತ್ರೆ ತೊಳೆಯುವುದೂ ಅದೇ ನೀರಲ್ಲಿ. ಇದು ಅವರ ಘನತೆಯ ಪ್ರಶ್ನೆ.

ಮಾಲಿನ್ಯವಿಲ್ಲದ ನೀರು, ಗಾಳಿ ನಮ್ಮ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ದಕ್ಷಿಣ ಆಫ್ರಿಕಾ ಸಂವಿಧಾನದ 24ನೇ ಸೆಕ್ಷನ್ನಿನಲ್ಲಿ ಈ ಹಕ್ಕು ನೇರವಾಗಿಯೇ ಇದೆ. ಈಕ್ವೆಡಾರ್ 2008ರಲ್ಲಿ ಪ್ರಕೃತಿಗೇ ಹಕ್ಕು ಕೊಟ್ಟಿತು.

ನಮ್ಮಲ್ಲಿ ದೂರು ಬಿದ್ದುಹೋಗುವುದು ಪುರಾವೆಯ ಹಂತದಲ್ಲಿ. ಬಾಟಲಿಯಲ್ಲಿ ನಾವೇ ತುಂಬಿಕೊಂಡು ಹೋದ ನೀರು ಸಾಲದು. 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸ್ ಕೊಟ್ಟು ಮಾದರಿ ತೆಗೆದು ಸೀಲ್ ಮಾಡಬೇಕು. ಆದ್ದರಿಂದ ಪಲ್ಪರ್ ಓಡುತ್ತಿರುವಾಗಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಳೆನೀರು ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ ತೆಗೆಯಲು ಕೇಳಿ. ಮೇಲಿನದು ಇಲ್ಲದಿದ್ದರೆ ಕೊಳೆ ಎಲ್ಲಿಂದ ಬಂತೆಂದು ತೋರಿಸಲಾಗದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಪರಿಸರ ಪ್ರಕರಣಗಳ ನ್ಯಾಯಮಂಡಳಿ) ಚೆನ್ನೈ ಪೀಠಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಗಡುವು 6 ತಿಂಗಳು. ಮಳೆಗಾಲ ಬಂದರೆ ಹಳ್ಳವೂ ತೊಳೆದುಹೋಗುತ್ತದೆ, ಗಡುವೂ ಮುಗಿಯುತ್ತದೆ.

– ಓದುಗರು, ಮೂಡಿಗೆರೆ