ಮುಳಬಾಗಿಲು ಬಸ್ಸಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕೋಲಾರದಲ್ಲಿ ಬಸ್ ಹತ್ತಿ ಪಕ್ಕದಲ್ಲಿ ಕೂತಿದ್ದಿರಿ. ನನ್ನ ಕೈಯಲ್ಲಿ ಪಾಲಿಮರ್ ಕ್ಲೇಯಿಂದ (ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಕೃತಕ ಜೇಡಿ) ನಾನೇ ಮಾಡಿದ ಸರದ ಪದಕ. ಕಲ್ಲು ಕಳಚಿಬಿದ್ದು ಬರೀ ಗುಳಿ ಉಳಿದಿತ್ತು. ನಮ್ಮ ರಾಗಿ ಹೊಲ ಉತ್ತಾಗ ಮೇಲೆ ಬಂದ ಬೆಣಚುಕಲ್ಲು ಅದು. ಅಪ್ಪ ಬದುವಿಗೆ ಎಸೆದದ್ದನ್ನು ಆರಿಸಿ, ತೊಳೆದು ಇಟ್ಟುಕೊಂಡಿದ್ದೆ.

ನೀವು ಪದಕವನ್ನು ಕಿಟಕಿ ಬೆಳಕಿಗೆ ಹಿಡಿದಿರಿ. "ಕ್ಲೇ ಕಲ್ಲಿಗೆ ಅಂಟಲ್ಲ ಕಣಮ್ಮ, ತಬ್ಬಿ ಹಿಡಿಯಬೇಕು" ಅಂದಿರಿ. ಬಸ್ ಟಿಕೆಟ್ಟನ್ನೇ ಕಲ್ಲಿನ ಸುತ್ತ ಸುತ್ತಿ, ಅಂಚನ್ನು ಉಗುರಿನಿಂದ ಒಳಕ್ಕೆ ಬಾಗಿಸಿ ತೋರಿಸಿದಿರಿ. ಓವನ್ ಗುಂಡಿಯನ್ನು ನಂಬಬೇಡ, ಒಳಗೆ ಥರ್ಮಾಮೀಟರ್ ಇಡು ಅಂತಲೂ ಹೇಳಿದಿರಿ.

ಇಟ್ಟು ನೋಡಿದೆ. ನನ್ನ ಕ್ಲೇ ಪೊಟ್ಟಣದ ಮೇಲೆ 130 ಡಿಗ್ರಿ, 30 ನಿಮಿಷ ಅಂತಿದೆ. ಗುಂಡಿ 130ರಲ್ಲಿದ್ದರೂ ಒಳಗೆ 155! ಅದಕ್ಕೇ ಅಲ್ವಾ ಬಿಳಿ ಕ್ಲೇ ಕಂದು ತಿರುಗುತ್ತಿದ್ದದ್ದು! ಬೆಣಚುಕಲ್ಲಿಗೆ ಆ ಬಿಸಿ ಲೆಕ್ಕಕ್ಕಿಲ್ಲ, ಕ್ಲೇಗೆ ಮಾತ್ರ ತಡೆಯಲ್ಲ.

ಎರಡು ವರ್ಷ ಒಬ್ಬಳೇ ಒದ್ದಾಡಿದ್ದೆ ಅಕ್ಕಾ. ನೀವು ಅರ್ಧ ಗಂಟೆಯಲ್ಲಿ ದಾರಿ ತೋರಿಸಿದಿರಿ. ತುಂಬಾ ಥ್ಯಾಂಕ್ಸ್. ನೀವು ಹೇಳಿದಂತೆ ಮಾಡಿಕೊಟ್ಟ, ಅಮ್ಮ ದಿನವೂ ಹಾಕಿಕೊಳ್ಳುವ ಓಲೆಯ ಕಲ್ಲು ಇವತ್ತಿಗೂ ಅಲ್ಲಾಡಿಲ್ಲ. ಅದೇ ಹೊಲದ ಕಲ್ಲಿನದು ಇನ್ನೊಂದು ಜೊತೆ ನಿಮಗೇ ಅಂತ ಎತ್ತಿಟ್ಟಿದ್ದೇನೆ.